ಆ ಹುಡುಗನ ಸ್ಲೈಡ್ 2013ಕ್ಕೆ ನಿಂತುಹೋಯಿತು

ನಮ್ಮ ಪದವಿ ಕಾಲೇಜುಗಳಲ್ಲಿ ವಾಣಿಜ್ಯ, ಮ್ಯಾನೇಜ್‌ಮೆಂಟ್ ಕಲಿಸುವ ಎಲ್ಲ ಸರ್‌ಗಳಿಗೆ, ಮೇಡಂಗಳಿಗೆ,

ನಮಸ್ಕಾರ.

ನಾನು ಹುಬ್ಬಳ್ಳಿಯಲ್ಲಿ ರೊಟ್ಟಿ ಮಾಡಿ ಮಾರುವವಳು. ಹದಿನಾಲ್ಕು ವರ್ಷದ ಹಿಂದೆ ಮನೆಯ ಹಿತ್ತಲಲ್ಲಿ ಇಬ್ಬರು ಹೆಂಗಸರನ್ನು ಕೂರಿಸಿಕೊಂಡು ಶುರು ಮಾಡಿದೆ. ಈಗ ಇಪ್ಪತ್ತಾರು ಜನ ಇದ್ದೇವೆ. ಜೋಳದ ಖಡಕ್ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸೆ ಪುಡಿ. ವರ್ಷಕ್ಕೆ ಎರಡು ಮೂರು ಕಾಲೇಜಿನವರು ಮಕ್ಕಳ ಜೊತೆ ಮಾತಾಡಲು ನನ್ನನ್ನು ಕರೆಯುತ್ತಾರೆ. ಒಂದು ಸಲವೂ ಇಲ್ಲ ಎಂದಿಲ್ಲ. ಆ ಮಕ್ಕಳ ಮುಖ ನೋಡಿದರೆ ನನಗೆ ಬಲ ಬರುತ್ತದೆ.

ಕಳೆದ ಸಲ ಹೋದಾಗ ನನ್ನ ಮಾತಿಗೆ ಮೊದಲು ಮಕ್ಕಳ ಕಾರ್ಯಕ್ರಮ ಇತ್ತು. ಒಬ್ಬೊಬ್ಬರು ಒಬ್ಬ ಉದ್ಯಮಿಯ ಬಗ್ಗೆ ಏಳು ನಿಮಿಷ ಮಾತಾಡಬೇಕು. ಎಲ್ಲರೂ ನಮಗೆ ಗೊತ್ತಿರುವ ಹೆಸರುಗಳನ್ನೇ ತಂದಿದ್ದರು. ಒಬ್ಬ ಹುಡುಗ ಮಾತ್ರ ರಷ್ಯಾದವನ ಕಥೆ ತಂದಿದ್ದ. ಒಲೆಗ್ ಟಿಂಕೋವ್. ಗಣಿ ಕಾರ್ಮಿಕನ ಮಗ, ಪೆಲ್ಮೆನಿ ಮಾರಿದ, ಬಿಯರ್ ಮಾರಿದ, ಶಾಖೆಯೇ ಇಲ್ಲದ ಬ್ಯಾಂಕ್ ಕಟ್ಟಿದ, 2013ರಲ್ಲಿ ಲಂಡನ್ ಷೇರುಪೇಟೆಗೆ ಹೋಗಿ ಕೋಟ್ಯಧಿಪತಿಯಾದ. ಕೊನೆಯ ಸ್ಲೈಡಿನಲ್ಲಿ ಮೇಲಕ್ಕೆ ಹೋಗುವ ಒಂದು ಹಸಿರು ಬಾಣ. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ನನ್ನನ್ನು ಹಿಡಿದಿದ್ದು ಆ ಪೆಲ್ಮೆನಿ. ಮೈದಾ ಹಾಳೆಯೊಳಗೆ ಮಾಂಸ ತುಂಬಿ, ಮಡಚಿ, ಕುದಿಸಿ ತಿನ್ನುವ ಪುಟ್ಟ ಕಡುಬು. ಮನೆಯಲ್ಲಿ ಹೆಂಗಸರು ಸುತ್ತ ಕೂತು ಮಾಡುತ್ತಿದ್ದದ್ದನ್ನು ಒಬ್ಬ ಫ್ಯಾಕ್ಟರಿಗೆ ತಂದು ಪ್ಯಾಕೆಟ್ಟಿನಲ್ಲಿ ಮಾರಿದ ಎಂದರೆ ನನ್ನ ಕೆಲಸವೇ ಅಲ್ವಾ? ಮನೆಗೆ ಬಂದು ಓದಲು ಕೂತೆ. ಮೂರು ವಾರ ಓದಿದೆ. ಗೊತ್ತಾಗದ್ದನ್ನು ಮಗಳ ಕೈಲಿ ಓದಿಸಿಕೊಂಡೆ. ಓದಿ ಮುಗಿಸಿದಾಗ ಮನಸ್ಸಿಗೆ ತುಂಬಾ ಕಸಿವಿಸಿಯಾಯಿತು. ಆ ಹುಡುಗ ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಆದರೆ ಬಾಣ ಬಿದ್ದ ಜಾಗದಿಂದ ಮುಂದೆ ಆ ಮನುಷ್ಯನ ಬದುಕು ಇನ್ನೂ ಇತ್ತು. ನಮ್ಮ ಮಕ್ಕಳಿಗೆ ಜಾಸ್ತಿ ಬೇಕಾಗಿರುವುದು ಆ ಭಾಗವೇ. ಅದಕ್ಕೇ ಈ ಪತ್ರ.

ಮೊದಲಿನಿಂದ ಹೇಳುತ್ತೇನೆ.

ಟಿಂಕೋವ್ ಹುಟ್ಟಿದ್ದು 1967ರ ಡಿಸೆಂಬರ್ 25ರಂದು, ಸೈಬೀರಿಯಾದ ಕೆಮೆರೊವೊ ಪ್ರಾಂತ್ಯದ ಪೊಲಿಸಾಯೆವೊ ಎಂಬಲ್ಲಿ. ಕುಜ್‌ಬಾಸ್ ಎಂದು ಕರೆಯುವ ಕಲ್ಲಿದ್ದಲು ಸೀಮೆ ಅದು. ತಂದೆ ಗಣಿಯಲ್ಲಿ, ತಾಯಿ ಬಟ್ಟೆ ಹೊಲಿಯುವ ಕೆಲಸದಲ್ಲಿ. ಹುಡುಗನಿಗೆ ಸೈಕಲ್ ರೇಸಿನ ಹುಚ್ಚು. ಸೈಬೀರಿಯಾದ ಚಳಿಯಲ್ಲಿ ಸೈಕಲ್ ಹೊಡೆಯಲು ಆಗದ ಕಾರಣ ತಂಡವನ್ನು ತರಬೇತಿಗೆ ಮಧ್ಯ ಏಷ್ಯಾದ ಕಡೆ ಕಳಿಸುತ್ತಿದ್ದರು. ಅಲ್ಲಿನ ಸಂತೆಯಲ್ಲಿ ಜೀನ್ಸ್ ಪ್ಯಾಂಟ್ ಸಿಗುತ್ತಿತ್ತು. ಊರಲ್ಲಿ ಸಿಗುತ್ತಿರಲಿಲ್ಲ. ತಂದು ಮಾರಿದ.

ಇದನ್ನು ಕೇಳಿದರೆ ನಮಗೆ ದೊಡ್ಡ ವಿಷಯ ಅನ್ನಿಸುವುದಿಲ್ಲ. ನಮ್ಮಲ್ಲಿ ಸಂತೆಯಿಂದ ಸಂತೆಗೆ ಸರಕು ಹೊತ್ತು ಬದುಕಿದ ಮನೆತನಗಳೇ ಇವೆ. ಆದರೆ ಆಗಿನ ಸೋವಿಯತ್ ದೇಶದಲ್ಲಿ ಕಡಿಮೆಗೆ ಕೊಂಡು ಜಾಸ್ತಿಗೆ ಮಾರುವುದು ಅಪರಾಧ. ಅದಕ್ಕೆ ಸಟ್ಟಾ ವ್ಯಾಪಾರ ಎಂದು ಹೆಸರಿಟ್ಟು ಜೈಲಿಗೆ ಹಾಕುತ್ತಿದ್ದರು. ಲಾಭ ಎನ್ನುವುದೇ ಕೆಟ್ಟ ಮಾತು. ಅಂಥ ಕಡೆ ವ್ಯಾಪಾರದ ಬುದ್ಧಿ ಇರುವ ಹುಡುಗ ಬೆಳೆಯುವುದು ಎಂದರೆ ಏನು ಎಂದು ಯೋಚಿಸಿ. ಸೇನೆಯ ಕಡ್ಡಾಯ ಸೇವೆಯನ್ನು ದೂರದ ಪೂರ್ವ ಗಡಿಯಲ್ಲಿ ಮುಗಿಸಿ 1988ರಲ್ಲಿ ಲೆನಿನ್‌ಗ್ರಾಡ್‌ನ ಗಣಿ ಕಾಲೇಜಿಗೆ ಸೇರಿದ. ಅದೇ ವರ್ಷ ಗೊರ್ಬಚೇವ್ ಸರ್ಕಾರ ಸಹಕಾರಿ ಉದ್ಯಮಗಳ ಕಾನೂನು ತಂದಿತ್ತು. ಮುಚ್ಚಿದ ಬಾಗಿಲು ಸ್ವಲ್ಪ ತೆರೆದಿತ್ತು. ಹಾಸ್ಟೆಲ್ಲಿನಲ್ಲಿ ದೇಶವಿದೇಶದ ವಿದ್ಯಾರ್ಥಿಗಳು. ಅವರಿಂದ ಜೀನ್ಸ್, ಸೌಂದರ್ಯ ಸಾಮಗ್ರಿ ಕೊಂಡು ಸೈಬೀರಿಯಾಕ್ಕೆ ಒಯ್ದು ಮಾರುವುದು, ಅಲ್ಲಿಂದ ಬೇರೆ ಸರಕು ತರುವುದು. ಓದು ಅರ್ಧಕ್ಕೆ ನಿಂತಿತು. ಅಲ್ಲೇ ಎಸ್ಟೋನಿಯಾದ ಹುಡುಗಿ ರೀನಾ ಸಿಕ್ಕಳು. ಇವತ್ತಿಗೂ ಜೊತೆಗಿದ್ದಾರೆ.

ನಂತರ ಸಿಂಗಾಪುರದಿಂದ ಎಲೆಕ್ಟ್ರಾನಿಕ್ಸ್ ತರಿಸುವ ವ್ಯಾಪಾರ. ಆಮೇಲೆ ಟೆಕ್ನೋಷಾಕ್ ಹೆಸರಿನ ಟಿವಿ, ಟೇಪ್‌ರೆಕಾರ್ಡರ್ ಅಂಗಡಿಗಳು. 1997ರಲ್ಲಿ ಅದನ್ನು ಮಾರಿದರು. 1998ರ ಆಗಸ್ಟಿನಲ್ಲಿ ರಷ್ಯಾ ಸರ್ಕಾರ ಸಾಲ ತೀರಿಸಲಾರದೆ ಕೈಚೆಲ್ಲಿತು. ಡಾಲರಿಗೆ 6 ಇದ್ದ ರೂಬಲ್ ಕೆಲವೇ ವಾರಗಳಲ್ಲಿ 20 ದಾಟಿತು. ಹೊರಗಿನಿಂದ ಮಾಲು ತರಿಸುವವರ ಕಥೆ ಮುಗಿಯಿತು. ಟಿಂಕೋವ್ ಅಷ್ಟರಲ್ಲಿ ಪೆಲ್ಮೆನಿಗೆ ಬಂದಿದ್ದರು. ಹಿಟ್ಟು ದೇಶದ್ದು, ಮಾಂಸ ದೇಶದ್ದು, ತಿನ್ನುವವರು ದೇಶದವರು. ಡಾಲರ್ ಎಷ್ಟಾದರೆ ಅವರಿಗೇನು?

ಈ ಜಾಗದಲ್ಲಿ ನಾನು ಓದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಕೊರೊನಾ ವರ್ಷದಲ್ಲಿ ನಮ್ಮ ಬೀದಿಯಲ್ಲಿ ಚೀನಾ ಆಟಿಕೆ ತರಿಸುತ್ತಿದ್ದವರು ಅಂಗಡಿ ಮುಚ್ಚಿದರು. ನಮ್ಮ ರೊಟ್ಟಿ ಮಾತ್ರ ಬೇಡಿಕೆ ಹೆಚ್ಚಿಸಿಕೊಂಡಿತು. ಅದು ನನ್ನ ಜಾಣತನದಿಂದ ಆದದ್ದಲ್ಲ. ಟಿಂಕೋವ್ ವಿಷಯದಲ್ಲೂ ಎಷ್ಟು ಜಾಣತನ, ಎಷ್ಟು ಕಾಲ ಕೂಡಿಬಂದದ್ದು ಎಂದು ಬಿಡಿಸಿ ಹೇಳಲು ಆಗುವುದಿಲ್ಲ. ಮಕ್ಕಳಿಗೆ ಎರಡನ್ನೂ ಹೇಳಬೇಕು.

ಆ ಪೆಲ್ಮೆನಿಗೆ ಮಗಳ ಹೆಸರಿಟ್ಟರು, ದಾರ್ಯಾ. ಹೆಸರು ಚೆಂದ. ಆದರೆ ಅದನ್ನು ಮಾರಲು ಹಾಕಿದ ಜಾಹೀರಾತಿನಲ್ಲಿ ಹಿಟ್ಟು ಮೆತ್ತಿದ ಬೆತ್ತಲೆ ಹೆಂಗಸಿನ ಹಿಂಭಾಗ ಇತ್ತು. ದೊಡ್ಡ ಸುದ್ದಿಯಾಯಿತು, ಮಾರಾಟವೂ ಆಯಿತು. ಮಗಳ ಹೆಸರಿನ ಪೊಟ್ಟಣಕ್ಕೆ ಹಾಗೆ ಜಾಹೀರಾತು ಮಾಡುವ ಅಪ್ಪನನ್ನು ನಾನು ಒಪ್ಪುವುದಿಲ್ಲ. ನಮ್ಮ ರೊಟ್ಟಿಗೆ ನಮ್ಮ ಅತ್ತೆಯ ಹೆಸರಿದೆ. ಪ್ಯಾಕೆಟ್ ಮೇಲೆ ಒಂದು ಚಿತ್ರ ಹಾಕುವಾಗಲೂ ಹತ್ತು ಸಲ ಯೋಚಿಸುತ್ತೇನೆ. ಕೆಲವು ವರ್ಷದಲ್ಲಿ ಅವರು ಆ ಫ್ಯಾಕ್ಟರಿಯನ್ನೂ ಅಬ್ರಮೋವಿಚ್ ಎಂಬ ದೊಡ್ಡ ಶ್ರೀಮಂತರ ಕಂಪನಿಗೆ ಮಾರಿದರು. ಮಗಳ ಹೆಸರು ಬೇರೆಯವರ ಪೊಟ್ಟಣದ ಮೇಲೆ ಉಳಿಯಿತು.

ಬಿಯರ್ ವಿಷಯ ಬೇಗ ಹೇಳಿಬಿಡುತ್ತೇನೆ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತಮ್ಮ ಹೆಸರಿನ ಹೋಟೆಲು, ಅಲ್ಲೇ ಕಾಯಿಸಿದ ಬಿಯರು, ಆಮೇಲೆ ದೊಡ್ಡ ಕಾರ್ಖಾನೆ. 2005ರಲ್ಲಿ ಸನ್ ಇಂಟರ್‌ಬ್ರೂ ಕಂಪನಿಗೆ ಸುಮಾರು 20 ಕೋಟಿ ಡಾಲರಿಗೆ ಮಾರಾಟ. ಆ ಕಂಪನಿಯ ಹೆಸರಿನಲ್ಲಿರುವ ‘ಸನ್’ ಬಂದದ್ದು ರಷ್ಯಾದಲ್ಲಿ ವ್ಯಾಪಾರ ಕಟ್ಟಿದ ಭಾರತದ ಖೇಮ್ಕಾ ಕುಟುಂಬದ ಸಂಸ್ಥೆಯಿಂದ. ನಮ್ಮ ದೇಶದವರೂ ಆ ಕಾಲದಲ್ಲಿ ಅಲ್ಲಿ ಇದ್ದರು ಎಂದು ತಿಳಿದು ಆಶ್ಚರ್ಯವಾಯಿತು.

ಬ್ಯಾಂಕಿನ ಕಥೆಯನ್ನು ಮಾತ್ರ ಸರಿಯಾಗಿ ಹೇಳಬೇಕು. ಅಮೆರಿಕದಲ್ಲಿದ್ದಾಗ ಮನೆಗೆ ಅಂಚೆಯಲ್ಲಿ ಕ್ರೆಡಿಟ್ ಕಾರ್ಡ್ ಪತ್ರಗಳು ಬರುವುದನ್ನು ಟಿಂಕೋವ್ ನೋಡಿದ್ದರು. ರಷ್ಯಾ ಎಷ್ಟು ದೊಡ್ಡ ದೇಶ ಎಂದರೆ ಎಲ್ಲ ಊರಲ್ಲೂ ಶಾಖೆ ತೆರೆದು ಬದುಕುವುದು ಹೊಸಬರಿಗೆ ಆಗದ ಮಾತು. ಆದರೆ ಅಂಚೆ ಎಲ್ಲ ಊರಿಗೂ ಹೋಗುತ್ತದೆ. 2006ರಲ್ಲಿ ಖಿಮ್‌ಮಾಷ್‌ಬ್ಯಾಂಕ್ ಎಂಬ ಚಿಕ್ಕ ಬ್ಯಾಂಕನ್ನು ಕೊಂಡು ತಮ್ಮ ಹೆಸರಿಟ್ಟರು. ಶಾಖೆ ಒಂದೂ ಇಲ್ಲ. ಪತ್ರ ಹೋಗುತ್ತದೆ, ಜನ ಅರ್ಜಿ ತುಂಬಿ ವಾಪಸ್ ಹಾಕುತ್ತಾರೆ, ಕಾರ್ಡ್ ಬರುತ್ತದೆ. ಮುಂದೆ ಬ್ಯಾಂಕಿನ ಹುಡುಗರೇ ಕಾರ್ಡ್ ಹಿಡಿದು ಮನೆ ಬಾಗಿಲಿಗೆ ಬಂದರು. 2007ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಎಂಬ ಅಮೆರಿಕದ ದೊಡ್ಡ ಬ್ಯಾಂಕು ಹಣ ಹಾಕಿತು. 2013ರ ಅಕ್ಟೋಬರ್‌ನಲ್ಲಿ ಲಂಡನ್ ಷೇರುಪೇಟೆಯಲ್ಲಿ ಸುಮಾರು 110 ಕೋಟಿ ಡಾಲರ್ ಎತ್ತಿದರು. 2021 ಮುಗಿಯುವ ಹೊತ್ತಿಗೆ ಸುಮಾರು 2 ಕೋಟಿ ಗ್ರಾಹಕರು.

ಇವತ್ತು ಫೋನಿನಲ್ಲೇ ದುಡ್ಡು ಕಳಿಸುವ ನಮ್ಮ ಮಕ್ಕಳಿಗೆ ಇದು ಮಾಮೂಲು. 2006ರಲ್ಲಿ ಇದು ಮಾಮೂಲಾಗಿರಲಿಲ್ಲ. ಆ ಧೈರ್ಯಕ್ಕೆ ಚಪ್ಪಾಳೆ ಸಲ್ಲಬೇಕು. ಅದರಲ್ಲಿ ನನಗೆ ಅನುಮಾನ ಇಲ್ಲ.

ಆದರೆ ಇದೇ ಬ್ಯಾಂಕಿನ ಇನ್ನೊಂದು ಘಟನೆ ಇದೆ. 2008ರಲ್ಲಿ ಬ್ಯಾಂಕಿನ ಪತ್ರ ಒಬ್ಬ ಗ್ರಾಹಕರ ಮನೆಗೆ ಹೋಯಿತು. ಅವರು ಅದರ ಸಣ್ಣಕ್ಷರಗಳನ್ನು ಪೂರ್ತಿ ಓದಿದರು. ಓದಿ, ಆ ಅರ್ಜಿಯನ್ನು ಕಂಪ್ಯೂಟರಿಗೆ ಹಾಕಿಕೊಂಡು ಷರತ್ತುಗಳನ್ನು ಬದಲಿಸಿದರು. ಬಡ್ಡಿ ಸೊನ್ನೆ. ಶುಲ್ಕ ಇಲ್ಲ. ಸಾಲಕ್ಕೆ ಮಿತಿ ಇಲ್ಲ. ಸಹಿ ಹಾಕಿ ಕಳಿಸಿದರು. ಬ್ಯಾಂಕಿನವರು ಓದದೆ ಸಹಿ ಹಾಕಿ ಕಾರ್ಡ್ ಕೊಟ್ಟರು. ಕೆಲವು ವರ್ಷದ ನಂತರ ಬ್ಯಾಂಕು 45 ಸಾವಿರ ರೂಬಲ್ ಬಾಕಿ ಎಂದು ಕೋರ್ಟಿಗೆ ಹೋಯಿತು. ಕೋರ್ಟು ಹೇಳಿದ್ದು: ನೀವು ಸಹಿ ಹಾಕಿದ ಕರಾರು ಇದು, ಅಸಲು ಸುಮಾರು 19 ಸಾವಿರ ಮಾತ್ರ ಸಿಗುತ್ತದೆ. ಆ ಮನುಷ್ಯ ತಿರುಗಿ ಬ್ಯಾಂಕಿನ ಮೇಲೆ 2 ಕೋಟಿ 40 ಲಕ್ಷ ರೂಬಲ್ ದಾವೆ ಹಾಕಿದರು. 2013ರ ಆಗಸ್ಟಿನಲ್ಲಿ ಇಬ್ಬರೂ ದಾವೆ ಹಿಂತೆಗೆದುಕೊಂಡರು. ಲಂಡನ್ ಷೇರುಪೇಟೆಗೆ ಎರಡೇ ತಿಂಗಳಿತ್ತು.

ಸರ್, ಮೇಡಂ, ಇದನ್ನು ದಯವಿಟ್ಟು ತರಗತಿಯಲ್ಲಿ ಹೇಳಿ. ನಾಲ್ಕು ವರ್ಷದ ಹಿಂದೆ ಬೇರೆ ಊರಿನ ಒಂದು ಅಂಗಡಿ ಸರಪಳಿಯವರ ಕರಾರಿಗೆ ನಾನು ಓದದೆ ಸಹಿ ಹಾಕಿದೆ. ಮಾರಾಟವಾಗದ ಮಾಲನ್ನು ನನ್ನ ಖರ್ಚಿನಲ್ಲೇ ವಾಪಸ್ ತೆಗೆದುಕೊಳ್ಳಬೇಕು ಎಂದು ಎಂಟನೇ ಪುಟದಲ್ಲಿ ಬರೆದಿತ್ತು. ಮಳೆಗಾಲದಲ್ಲಿ ತೇವ ಹಿಡಿದು ಮೆತ್ತಗಾದ ರೊಟ್ಟಿ ಚೀಲ ಚೀಲ ವಾಪಸ್ ಬಂತು. ಆ ರಾತ್ರಿ ನಾನು ಅತ್ತಿದ್ದೇನೆ. ಹೆಂಗಸರ ಪಗಾರ ಕೊಡಲು ಬಳೆ ಅಡ ಇಟ್ಟೆ. ಸಣ್ಣವರು ಓದದಿದ್ದರೆ ದೊಡ್ಡವರು ಗೆಲ್ಲುತ್ತಾರೆ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ದೊಡ್ಡವರು ಓದದಿದ್ದರೂ ಸೋಲುತ್ತಾರೆ, ಆದರೆ ಅದಕ್ಕೆ ಕೋರ್ಟು ನೆಟ್ಟಗಿರಬೇಕು ಎನ್ನುವುದನ್ನು ಈ ಕಥೆ ಹೇಳಿತು. ಒಂದು ಬ್ಯಾಂಕಿನ ಎದುರು ಒಬ್ಬ ಸಾಮಾನ್ಯ ಮನುಷ್ಯನ ಕರಾರನ್ನು ಎತ್ತಿಹಿಡಿಯುವ ಕೋರ್ಟು ಆಗ ರಷ್ಯಾದಲ್ಲಿ ಇತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಆ ಹಸಿರು ಬಾಣದ ಪಕ್ಕದಲ್ಲೇ ಇನ್ನೊಂದು ಸಂಗತಿ ಇತ್ತು. ಟಿಂಕೋವ್ 1996ರಲ್ಲಿ ಅಮೆರಿಕದ ಪೌರತ್ವ ಪಡೆದಿದ್ದರು. ಷೇರು ಮಾರಾಟದ ಮೂರೇ ದಿನಕ್ಕೆ ಅದನ್ನು ಬಿಟ್ಟುಕೊಟ್ಟರು. ಬಿಡುವಾಗ ಅಲ್ಲಿನ ಕಾನೂನಿನಂತೆ ಆಸ್ತಿಯನ್ನು ಲೆಕ್ಕ ತೋರಿಸಿ ತೆರಿಗೆ ಕಟ್ಟಬೇಕು. ಕೈಲಿದ್ದ ಷೇರಿನ ಬೆಲೆ 100 ಕೋಟಿ ಡಾಲರಿಗೂ ಜಾಸ್ತಿ. ಅವರು ತೋರಿಸಿದ ಆಸ್ತಿ 3 ಲಕ್ಷ ಡಾಲರ್. 2020ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಬಂಧನವಾಯಿತು. 2021ರ ಅಕ್ಟೋಬರ್‌ನಲ್ಲಿ ತಪ್ಪು ಒಪ್ಪಿಕೊಂಡರು. ಬಡ್ಡಿ, ದಂಡ ಎಲ್ಲ ಸೇರಿ 50 ಕೋಟಿ 80 ಲಕ್ಷಕ್ಕೂ ಹೆಚ್ಚು ಡಾಲರ್ ಕಟ್ಟಿದರು.

ಇದನ್ನು ಮುಚ್ಚಿಡುವುದು ತಪ್ಪು. ಇದನ್ನು ಹೇಳಿದರೆ ಹುಡುಗರ ಉತ್ಸಾಹ ತಣ್ಣಗಾಗುತ್ತದೆ ಎಂದು ಒಬ್ಬ ಮೇಷ್ಟ್ರು ನನಗೆ ಫೋನಿನಲ್ಲಿ ಹೇಳಿದರು. ನನಗೆ ಹಾಗನ್ನಿಸುವುದಿಲ್ಲ. ನಮ್ಮಲ್ಲಿ ಬಿಲ್ಲಿಲ್ಲದೆ ಮಾರು, ಜಿಎಸ್‌ಟಿ ಯಾಕೆ, ಎಲ್ಲರೂ ಹೀಗೇ ಮಾಡುವುದು ಎಂದು ಮೊದಲ ದಿನದಿಂದಲೇ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಬೇಡ ಎನ್ನುವ ದನಿ ಕಾಲೇಜಿನಲ್ಲಾದರೂ ಕೇಳಬೇಕಲ್ಲವೇ? ಬೆವರು ಸುರಿಸಿ ಕಟ್ಟಿದ ಮನುಷ್ಯನೇ ಸುಳ್ಳು ಲೆಕ್ಕವನ್ನೂ ಬರೆದ. ಎರಡೂ ಒಬ್ಬರೇ ಮಾಡಿದ ಕೆಲಸ. ಹತ್ತೊಂಬತ್ತು ವರ್ಷದ ಮಕ್ಕಳಿಗೆ ಇದು ಅರ್ಥವಾಗುತ್ತದೆ.

ಈ ಕೇಸು ನಡೆಯುತ್ತಿರುವಾಗಲೇ ಅವರಿಗೆ ರಕ್ತದ ಕ್ಯಾನ್ಸರ್ ಇರುವುದು ಲೋಕಕ್ಕೆ ಗೊತ್ತಾಯಿತು. 2019ರ ಅಕ್ಟೋಬರ್‌ನಲ್ಲಿ ರೋಗ ಪತ್ತೆಯಾಗಿತ್ತು. 2020ರ ಮಾರ್ಚಿನಲ್ಲಿ ಅವರೇ ಹೇಳಿದರು. ಏಪ್ರಿಲ್‌ನಲ್ಲಿ ಬ್ಯಾಂಕಿನ ಅಧ್ಯಕ್ಷ ಸ್ಥಾನ ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಬೇರೊಬ್ಬರ ಅಸ್ಥಿಮಜ್ಜೆಯನ್ನು, ಅಂದರೆ ಮೂಳೆಯೊಳಗೆ ರಕ್ತ ಹುಟ್ಟುವ ಭಾಗವನ್ನು, ಅವರಿಗೆ ಕಸಿ ಮಾಡಿದರು. ಬದುಕಿದರು. ಬದುಕಿದ ಮೇಲೆ ರಷ್ಯಾದಲ್ಲಿ ಅಸ್ಥಿಮಜ್ಜೆ ದಾನಿಗಳ ಪಟ್ಟಿ ಬೆಳೆಸುವುದಕ್ಕೆ, ರಕ್ತದ ಕ್ಯಾನ್ಸರ್ ರೋಗಿಗಳಿಗೆ ಸಹಾಯ ಮಾಡುವುದಕ್ಕೆ ಕುಟುಂಬದ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಶುರು ಮಾಡಿದರು.

ಇದರ ಒಳಗಿನ ವಿಷಯ ತಿಳಿದಿರಲಿ. ದಾನಿಗೂ ರೋಗಿಗೂ ರಕ್ತದ ಗುಂಪು ಹೊಂದಿದರೆ ಸಾಲದು. ಎಚ್‌ಎಲ್‌ಎ ಎಂಬ, ಜೀವಕೋಶಗಳ ಮೇಲಿನ ಗುರುತುಗಳು ಹೊಂದಬೇಕು. ಒಬ್ಬ ಅಣ್ಣನದೋ ತಂಗಿಯದೋ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮನೆಯಲ್ಲಿ ಸಿಗದಿದ್ದರೆ ಗುರುತೇ ಇಲ್ಲದ ಯಾರಾದರೂ ಬರಬೇಕು. ಒಂದೇ ನೆಲದ, ಒಂದೇ ಮೂಲದ ಜನರಲ್ಲಿ ಹೊಂದುವ ಸಾಧ್ಯತೆ ಜಾಸ್ತಿ. ಹಾಗಾಗಿ ರಷ್ಯಾದ ರೋಗಿಗೆ ರಷ್ಯಾದ ದಾನಿಗಳ ಪಟ್ಟಿ ಬೇಕು, ನಮ್ಮ ರೋಗಿಗೆ ನಮ್ಮವರ ಪಟ್ಟಿ ಬೇಕು. ಜರ್ಮನಿಯಲ್ಲಿ 1991ರಲ್ಲಿ ಶುರುವಾದ ಡಿಕೆಎಂಎಸ್ ಎಂಬ ದಾನಿಗಳ ಸಂಸ್ಥೆಯ ಭಾರತದ ಶಾಖೆ ನಮ್ಮ ಬೆಂಗಳೂರಿನಲ್ಲೇ ಇದೆ. ಹೆಸರು ನೋಂದಾಯಿಸಲು ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕೊಟ್ಟರೆ ಸಾಕು. ಸೂಜಿಯೂ ಇಲ್ಲ. ನಮ್ಮ ಘಟಕದಲ್ಲಿ ರೊಟ್ಟಿ ಬಡಿಯುವ ಒಬ್ಬಾಕೆಯ ಮಗನಿಗೆ ಇದೇ ರೋಗ ಇತ್ತು. ದಾನಿ ಸಿಗಲಿಲ್ಲ. ಆ ಮಗು ಉಳಿಯಲಿಲ್ಲ. ನಾನು ಇಷ್ಟು ಬರೆಯುತ್ತಿರುವುದು ಅದಕ್ಕೇ.

ಇನ್ನು 2022.

ಬ್ಯಾಂಕಿನ ಬೆಲೆ 2021ರಲ್ಲಿ ಒಂದು ಹಂತದಲ್ಲಿ 2,000 ಕೋಟಿ ಡಾಲರ್ ದಾಟಿತ್ತು. 2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿಗೆ ನುಗ್ಗಿತು. ಮಾರ್ಚಿನಲ್ಲಿ ಬ್ರಿಟನ್ ಸರ್ಕಾರ ಟಿಂಕೋವ್ ಮೇಲೂ ನಿರ್ಬಂಧ ಹಾಕಿತು. ಏಪ್ರಿಲ್ 19ರಂದು ಅವರು ಇನ್‌ಸ್ಟಾಗ್ರಾಂನಲ್ಲಿ ಬರೆದರು. ಈ ಹುಚ್ಚು ಯುದ್ಧದಿಂದ ಒಬ್ಬರಿಗೂ ಲಾಭ ಕಾಣುತ್ತಿಲ್ಲ, ತಪ್ಪೇ ಮಾಡದ ಜನ, ಸೈನಿಕರು ಸಾಯುತ್ತಿದ್ದಾರೆ ಎಂದರು. ದೇಶದಲ್ಲಿ ಎಲ್ಲವೂ ಬಂಧುಬಳಗಕ್ಕೆ, ಕಾಲು ಹಿಡಿಯುವವರಿಗೆ ಎಂದಾಗಿರುವಾಗ ಸೇನೆ ಮಾತ್ರ ಹೇಗೆ ಚೆನ್ನಾಗಿರುತ್ತದೆ ಎಂದು ಕೇಳಿದರು.

ಒಂಬತ್ತು ದಿನ. ಏಪ್ರಿಲ್ 28ಕ್ಕೆ ಅವರ ಕುಟುಂಬದ 35 ಶೇಕಡಾ ಪಾಲು ಮಾರಾಟವಾದ ಸುದ್ದಿ ಬಂತು. ಪೋಸ್ಟ್ ಹಾಕಿದ ಮರುದಿನವೇ ಅಧಿಕಾರದಲ್ಲಿದ್ದವರು ಬ್ಯಾಂಕಿನ ಮುಖ್ಯಸ್ಥರಿಗೆ ಫೋನ್ ಮಾಡಿ, ಇವರ ನಂಟು ಕಡಿದುಕೊಳ್ಳದಿದ್ದರೆ ಬ್ಯಾಂಕನ್ನು ಸರ್ಕಾರ ವಶಪಡಿಸಿಕೊಳ್ಳುತ್ತದೆ ಎಂದರು ಎಂದು ಟಿಂಕೋವ್ ಅಮೆರಿಕದ ಪತ್ರಿಕೆಗೆ ಹೇಳಿದ್ದಾರೆ. ನಿಜವಾದ ಬೆಲೆಯ 3 ಶೇಕಡಾ ಮಾತ್ರ ಸಿಕ್ಕಿತು, ಚೌಕಾಸಿಗೆ ಜಾಗವೇ ಇರಲಿಲ್ಲ ಎಂದಿದ್ದಾರೆ. ಬ್ಯಾಂಕಿನವರು ಈ ಮಾತನ್ನು ಒಪ್ಪಿಲ್ಲ. ಆದರೆ ಪಾಲು ಕೈಬಿಟ್ಟಿದ್ದು, ಇಷ್ಟು ಬೇಗ ಕೈಬಿಟ್ಟಿದ್ದು ಎಲ್ಲರ ಕಣ್ಣೆದುರು ಇದೆ.

ಕೊಂಡವರು ಯಾರು ಎನ್ನುವುದನ್ನೂ ನೋಡಿ. ವ್ಲಾದಿಮಿರ್ ಪೊಟಾನಿನ್. 1995ರಲ್ಲಿ ರಷ್ಯಾ ಸರ್ಕಾರ ದುಡ್ಡಿಲ್ಲದೆ ಒದ್ದಾಡುವಾಗ, ಬ್ಯಾಂಕುಗಳು ಸಾಲ ಕೊಟ್ಟು ಸರ್ಕಾರಿ ಕಂಪನಿಗಳ ಷೇರನ್ನು ಅಡ ಹಿಡಿಯುವ ಯೋಜನೆಯನ್ನು ಮುಂದಿಟ್ಟವರು ಅವರೇ. ಸಾಲ ತೀರಲಿಲ್ಲ. ಜನರ ಆಸ್ತಿಯಾಗಿದ್ದ ಗಣಿಗಳು, ತೈಲ ಬಾವಿಗಳು ಕೆಲವೇ ಜನರ ಕೈಗೆ ಅಗ್ಗಕ್ಕೆ ಹೋದವು. ಪೊಟಾನಿನ್‌ಗೆ ನೊರಿಲ್ಸ್ಕ್ ನಿಕಲ್ ಎಂಬ ದೊಡ್ಡ ಗಣಿ ಕಂಪನಿ ಬಂತು. ಟಿಂಕೋವ್ ಆ ಸಾಲಿನಲ್ಲಿ ನಿಂತವರಲ್ಲ. ಅವರ ಹಣ ಟಿವಿಯಿಂದ, ಕಡುಬಿನಿಂದ, ಬಿಯರಿನಿಂದ, ಅಂಚೆ ಲಕೋಟೆಯಿಂದ ಬಂದದ್ದು. ಸರ್ಕಾರದ ಗಣಿಯಿಂದ ಒಂದು ಕಲ್ಲೂ ಬಂದದ್ದಲ್ಲ. ಸ್ವಂತ ಕಾಲ ಮೇಲೆ ನಿಂತವನು ಎಂಬ ಮಾತು ಅವರಿಗೆ ಒಪ್ಪುವುದು ಇದಕ್ಕೆ. ಹಾಗೆ ಕಟ್ಟಿದ್ದು ಕೊನೆಗೆ ಹೋಗಿ ಸೇರಿದ್ದು ಜನರ ಆಸ್ತಿಯನ್ನು ಅಗ್ಗಕ್ಕೆ ಪಡೆದವರ ಕೈಗೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಈಗ ಆ ಕೋರ್ಟಿನ ಮಾತಿಗೆ ಬರುತ್ತೇನೆ. 2013ರಲ್ಲಿ ಒಬ್ಬ ಸಾಮಾನ್ಯ ಗ್ರಾಹಕ ಈ ಬ್ಯಾಂಕಿನ ವಿರುದ್ಧ ಕೋರ್ಟಿನಲ್ಲಿ ನಿಲ್ಲಬಹುದಿತ್ತು. 2022ರಲ್ಲಿ ಬ್ಯಾಂಕು ಕಟ್ಟಿದ ಮನುಷ್ಯನಿಗೇ ಹೋಗಿ ನಿಲ್ಲಲು ಒಂದು ಕೋರ್ಟು ಕಾಣಲಿಲ್ಲ. 19 ಸಾವಿರ ರೂಬಲ್ ಜಗಳಕ್ಕೆ ನ್ಯಾಯ ಸಿಕ್ಕ ದೇಶದಲ್ಲಿ ನೂರಾರು ಕೋಟಿಯ ಆಸ್ತಿಗೆ ಸಿಗಲಿಲ್ಲ. ಯಾಕೆಂದರೆ ಎದುರಿಗಿದ್ದದ್ದು ಸರ್ಕಾರ. ನಮ್ಮ ಮಕ್ಕಳು ಬಂಡವಾಳ, ಮಾರುಕಟ್ಟೆ, ಬ್ರ್ಯಾಂಡ್ ಎಲ್ಲ ಕಲಿಯುತ್ತಾರೆ. ಇವೆಲ್ಲ ನಿಂತಿರುವುದು ಯಾವ ನೆಲದ ಮೇಲೆ ಎಂದು ಯಾರು ಹೇಳಿಕೊಡುತ್ತಾರೆ? ನನ್ನ ರೊಟ್ಟಿ ಹಂಚು, ಹಿಟ್ಟಿನ ಗಿರಣಿ, ಅತ್ತೆಯ ಹೆಸರಿನ ಟ್ರೇಡ್‌ಮಾರ್ಕ್, ಇವು ನನ್ನವು ಎಂದು ನಾನು ನೆಮ್ಮದಿಯಿಂದ ಮಲಗುವುದು ಒಂದು ಕೋರ್ಟು ಇದೆ ಎಂಬ ನಂಬಿಕೆಯ ಮೇಲೆ. ರಾಜಕೀಯ ನಮಗ್ಯಾಕೆ, ನಾವು ವ್ಯಾಪಾರಸ್ಥರು ಎಂದು ನಾನೇ ಎಷ್ಟೋ ವೇದಿಕೆಯಲ್ಲಿ ಹೇಳಿದ್ದೇನೆ. ಆ ಮಾತನ್ನು ಈ ಪತ್ರದಲ್ಲಿ ವಾಪಸ್ ತೆಗೆದುಕೊಳ್ಳುತ್ತೇನೆ. ನನ್ನ ಮಾತು ಕೇಳಿದ್ದ ಮಕ್ಕಳಿಗೆ ಇದನ್ನು ತಲುಪಿಸಿ.

ಟಿಂಕೋವ್ 2022ರ ಅಕ್ಟೋಬರ್ ಕೊನೆಗೆ ರಷ್ಯಾದ ಪೌರತ್ವ ಬಿಟ್ಟರು. ಬ್ರಿಟನ್ 2023ರ ಜುಲೈನಲ್ಲಿ ನಿರ್ಬಂಧ ತೆಗೆಯಿತು. ತೆಗೆಯಿರಿ ಎಂದು ಕೇಳಿಕೊಂಡವರಲ್ಲಿ ಬ್ರಿಟನ್ನಿನ ದೊಡ್ಡ ಉದ್ಯಮಿ ರಿಚರ್ಡ್ ಬ್ರ್ಯಾನ್ಸನ್ ಒಬ್ಬರು. ಬ್ಯಾಂಕ್ ಶುರು ಮಾಡುವ ಮೊದಲು, 2005ರಲ್ಲಿ, ಟಿಂಕೋವ್ ತಮ್ಮವರನ್ನು ಕರೆದುಕೊಂಡು ಹೋಗಿ ಚರ್ಚೆ ಮಾಡಿದ್ದು ಬ್ರ್ಯಾನ್ಸನ್ ಅವರ ದ್ವೀಪದಲ್ಲೇ. 2024ರಲ್ಲಿ ರಷ್ಯಾ ಸರ್ಕಾರ ಅವರನ್ನು ‘ವಿದೇಶಿ ಏಜೆಂಟ್’, ಅಂದರೆ ಹೊರಗಿನವರ ಪ್ರಭಾವದಲ್ಲಿರುವವರು, ಎಂಬ ಪಟ್ಟಿಗೆ ಸೇರಿಸಿತು. ಅದೇ ವರ್ಷ ಬ್ಯಾಂಕಿನ ಹೆಸರನ್ನು ಟಿ-ಬ್ಯಾಂಕ್ ಎಂದು ಬದಲಿಸಿದರು. ಅವರ ಹೆಸರಿನಲ್ಲಿ ಉಳಿದದ್ದು ಮೊದಲನೆಯ ಅಕ್ಷರ ಒಂದೇ.

ಅವರನ್ನು ದೇವರು ಮಾಡಿ ಎಂದು ನಾನು ಕೇಳುತ್ತಿಲ್ಲ. ಜಾಹೀರಾತಿನ ವಿಷಯದಲ್ಲಿ, ತೆರಿಗೆ ವಿಷಯದಲ್ಲಿ ನನಗೆ ಅವರ ಮೇಲೆ ಸಿಟ್ಟಿದೆ. ನಿರ್ಬಂಧ ಬಿದ್ದ ಮೇಲೆ ಮಾತಾಡಿದರು, ಮೊದಲೇ ಯಾಕೆ ಆಡಲಿಲ್ಲ ಎಂದು ಕೇಳುವವರೂ ಇದ್ದಾರೆ. ಕೇಳಲಿ. ಆದರೆ ಆಸ್ತಿ ಇನ್ನೂ ಅಲ್ಲೇ ಇರುವಾಗ, ಕಳೆದುಹೋಗುತ್ತದೆ ಎಂದು ಗೊತ್ತಿದ್ದೂ, ಸಾಯುವವರ ಪರವಾಗಿ ಬಾಯಿ ಬಿಟ್ಟ ರಷ್ಯಾದ ದೊಡ್ಡ ಉದ್ಯಮಿಗಳು ಬೆರಳೆಣಿಕೆಯಷ್ಟು. ಕೈಯಲ್ಲಿದ್ದದ್ದನ್ನೆಲ್ಲ ಕಳೆದುಕೊಳ್ಳುವ ಮಾತನ್ನು ಆ ಏಪ್ರಿಲ್‌ನಲ್ಲಿ ಬರೆದ ಮನುಷ್ಯನ ಬಗ್ಗೆ ನನಗೆ ಗೌರವವಿದೆ.

ನನ್ನ ಬೇಡಿಕೆ ದೊಡ್ಡದಲ್ಲ. ಉದ್ಯಮಿಗಳ ಬಗ್ಗೆ ಮಾತಾಡಲು ಮಕ್ಕಳಿಗೆ ಏಳು ನಿಮಿಷ ಕೊಡುತ್ತೀರಿ. ಏಳು ನಿಮಿಷದಲ್ಲಿ ಗೆದ್ದದ್ದನ್ನು ಮಾತ್ರ ಹೇಳಲು ಆಗುತ್ತದೆ. ಹತ್ತು ಜನರ ಬದಲು ಇಬ್ಬರ ಕಥೆ ಸಾಕು, ಪೂರ್ತಿ ಹೇಳಿಸಿ. ಕರಾರು ಓದುವುದನ್ನು ಒಂದು ಪಾಠವಾಗಿ ಮಾಡಿ. ನಮ್ಮ ಎಂಟು ಪುಟದ ಕರಾರಿನ ನಕಲು ಕೊಡುತ್ತೇನೆ, ಅಂಗಡಿಯ ಹೆಸರು ಅಳಿಸಿ. ಊರಿನ ಒಬ್ಬ ವಕೀಲರನ್ನೂ ಒಬ್ಬ ಲೆಕ್ಕಪರಿಶೋಧಕರನ್ನೂ ಕರೆಸಿ. ವರ್ಷಕ್ಕೆ ಒಮ್ಮೆ ರಕ್ತದಾನ ಶಿಬಿರ ಹೇಗಿದ್ದರೂ ಮಾಡುತ್ತೀರಿ. ಅದರ ಪಕ್ಕದಲ್ಲೇ ಇನ್ನೊಂದು ಮೇಜು ಹಾಕಿ, ಹದಿನೆಂಟು ದಾಟಿದ ಮಕ್ಕಳು ಒಪ್ಪಿದರೆ ಅಸ್ಥಿಮಜ್ಜೆ ದಾನಿಗಳ ಪಟ್ಟಿಗೆ ಹೆಸರು ಕೊಡುವಂತೆ ಮಾಡಿ. ಆ ದಿನ ಬಂದವರಿಗೆಲ್ಲ ಊಟ ನಮ್ಮದು. ರೊಟ್ಟಿ, ಎಣ್ಣೆಗಾಯಿ, ಮೊಸರು, ಶೇಂಗಾ ಚಟ್ನಿ.

ಆ ಹುಡುಗನ ನಂಬರು ಕೇಳಿ ತೆಗೆದುಕೊಂಡೆ. ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ “ಅಕ್ಕಾ, ಇಷ್ಟು ಗೊತ್ತಿದ್ದರೆ ನಾನು ಬಾಣ ಹಾಕುತ್ತಿರಲಿಲ್ಲ” ಎಂದ. ಈಗ ಉಳಿದ ಸ್ಲೈಡುಗಳನ್ನು ಮಾಡುತ್ತಿದ್ದಾನೆ. ಮುಂದಿನ ತಿಂಗಳು ಅವನಿಗೆ ಒಂದು ಪೂರ್ತಿ ಪೀರಿಯಡ್ ಬಿಟ್ಟುಕೊಡಿ. ನಾನು ಬಂದು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತೇನೆ.

ನಿಮ್ಮ,
ಹುಬ್ಬಳ್ಳಿಯ ಒಬ್ಬ ರೊಟ್ಟಿ ವ್ಯಾಪಾರಿ